ಜಪ್ತಿ ಪತ್ರದ ಮೂರು ಕಲೆಗಳು

ಸಂಜೆ ಆರು ಗಂಟೆ. ಲಸಿಕೆ ಗೋದಾಮಿನ ಗೇಟಿನಲ್ಲಿ ಚೀಲಗಳ ತಪಾಸಣೆ ನಡೆದಿತ್ತು. ಶೀತಲ ಕೋಣೆ ನೋಡಿಕೊಳ್ಳುವ ಹೆಂಗಸಿನ ಚೀಲದಲ್ಲಿ, ಊಟದ ಡಬ್ಬಿಯ ಕೆಳಗೆ, ಮೂರು ಲಸಿಕೆ ಸೀಸೆ ಸಿಕ್ಕವು. ಕಾವಲುಗಾರ ಅಲ್ಲೇ ನಿಂತು ಜಪ್ತಿ ಪತ್ರ ಬರೆದ. ತಿಂಗಳು ತುಂಬುವುದರೊಳಗೆ ಅವಳನ್ನು ವಜಾ ಮಾಡಿದರು. ಒಂಬತ್ತು ವರ್ಷ ಮೈಮುರಿದು ದುಡಿದದ್ದಕ್ಕೆ ಕಳ್ಳಿ ಎಂಬ ಬಿರುದು ಸಿಕ್ಕಿತು.

ಕಾರ್ಮಿಕ ನ್ಯಾಯಾಲಯದಲ್ಲಿ ಅವಳ ಪರ ನಿಂತವನು ಜಿಗಣೆ ವಕೀಲ. ಹಿಡಿದ ಕೇಸನ್ನು ಬಿಡುವ ಪೈಕಿ ಅಲ್ಲ, ಅದಕ್ಕೇ ಆ ಹೆಸರು. ಮೊದಲು ಅವನಿಗೆ ಕಾವಲುಗಾರನ ಮೇಲೆ ಗುಮಾನಿ. ಕಾವಲುಗಾರನಿಗೂ ಅವಳಿಗೂ ಎಣ್ಣೆ ಸೀಗೇಕಾಯಿ. ಆದರೆ ಶೀತಲ ಕೋಣೆಯ ಕೀ ಅವನ ಕೈಗೆ ಎಂದೂ ಸಿಕ್ಕಿರಲಿಲ್ಲ. ಗುಮಾನಿ ಠುಸ್ಸೆಂದಿತು.

ಅವಳು ಹೇಳಿದ್ದು ಇಷ್ಟೇ. ಮಧ್ಯಾಹ್ನ ಒಂದಕ್ಕೆ ಮೇಲ್ವಿಚಾರಕನಿಗೆ ಕೀ ಕೊಟ್ಟು ಪ್ಯಾಕಿಂಗ್ ಕೋಣೆಗೆ ಹೋದವಳು ಆರರವರೆಗೆ ಅಲ್ಲಿಂದ ಎದ್ದಿರಲಿಲ್ಲ. ಚೀಲ ಹೊರಗಿನ ಗೂಟದಲ್ಲಿ ನೇತಾಡುತ್ತಿತ್ತು. ಮೇಲ್ವಿಚಾರಕ ಅವಳ ಸೋದರಮಾವ. ಕೆಲಸ ಕೊಡಿಸಿದವನು ಅವನೇ. ತಪ್ಪೊಪ್ಪಿಕೊಂಡುಬಿಡು ಎಂದು ಬುದ್ಧಿ ಹೇಳಿದವನೂ ಅವನೇ.

"ಮಾವನ್ನ ಮಾತ್ರ ಇದಕ್ಕೆ ಎಳೀಬೇಡಿ ಸರ್. ಅಪ್ಪ ಹೋದ್ಮೇಲೆ ನನ್ನ ಸಾಕಿದ್ದು ಅವರು."

* * *

ವಕೀಲ ಜಪ್ತಿ ಪತ್ರವನ್ನು ಹತ್ತು ಸಲ ಓದಿದ. ಆಮೇಲೆ ಓದುವುದು ಬಿಟ್ಟು ಸುಮ್ಮನೆ ನೋಡಿದ. ಹಾಳೆಯ ಮೇಲೆ ಮೂರು ದುಂಡು ಕಲೆಗಳು. ಅಷ್ಟೂ ಕಡೆ ಶಾಯಿ ಹರಡಿತ್ತು.

ಕಾವಲುಗಾರನನ್ನು ಕೇಳಿದ. ಸೀಸೆಗಳನ್ನು ಹಾಳೆಯ ಮೇಲಿಟ್ಟುಕೊಂಡೇ ಬರೆದೆ, ಅವು ಒದ್ದೆಯಾಗಿದ್ದವು ಎಂದು ಅವನು ಗೊಣಗಿದ.

* * *

ವಿಚಾರಣೆಯ ದಿನ ವಕೀಲ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ತಂದ. ತಣ್ಣನೆಯ ಸೀಸೆಯೊಂದನ್ನು ತೆಗೆದು ನ್ಯಾಯಾಧೀಶರ ಎದುರು ಹಾಳೆಯ ಮೇಲಿಟ್ಟ. ಸೀಸೆ ಬೆವರಿತು. ಅರ್ಧ ಗಂಟೆಯಲ್ಲಿ ಒಣಗಿತು. ಕೀ ಅವಳ ಕೈಲಿದ್ದಾಗ, ಅಂದರೆ ಮಧ್ಯಾಹ್ನ ಒಂದಕ್ಕೆ ಮುಂಚೆ, ಕದ್ದ ಸೀಸೆ ಸಂಜೆ ಆರಕ್ಕೆ ಬೆವರುವುದಿಲ್ಲ, ಆರಕ್ಕೆ ಸ್ವಲ್ಪ ಮೊದಲು ಯಾರೋ ಅವನ್ನು ಚೀಲಕ್ಕೆ ತುರುಕಿದ್ದಾರೆ ಎಂದ.

"ಆಗ ಕೀ ಯಾರ ಹತ್ರ ಇತ್ತು?"

ಸಾಕ್ಷಿ ಕಟ್ಟೆಯಲ್ಲಿದ್ದ ಸೋದರಮಾವ ತಡವರಿಸಿದ. "ನನ್ನ ಹತ್ರ."

ನ್ಯಾಯಾಧೀಶರು ಹತ್ತು ನಿಮಿಷ ಬಿಡುವು ಕೊಟ್ಟರು.

* * *

ಮಾವ ಯಾಕೆ ಹೀಗೆ ಮಾಡಿದ ಎಂದು ವಕೀಲ ಪಡಸಾಲೆಯಲ್ಲಿ ಅವಳನ್ನು ಕೇಳಿದ. ಅವಳು ಹೇಳಿದಳು. ಕಳ್ಳತನಕ್ಕೆ ಒಂದು ವಾರ ಮುಂಚೆ ಮಾವನ ಅಲಕ್ಷ್ಯದಿಂದ ತಂಪು ಯಂತ್ರ ಎರಡು ದಿನ ನಿಂತುಹೋಗಿತ್ತು. ಕಂಡವಳು ಅವಳೊಬ್ಬಳೇ. ಕೆಟ್ಟ ಲಸಿಕೆಯನ್ನೆಲ್ಲ ಸುಡಿಸುತ್ತೇನೆ ಎಂದಿದ್ದ. ನಂಬಿದ್ದಳು.

"ಸುಡಿಸಿಲ್ಲಮ್ಮ," ಎಂದ ವಕೀಲ. "ನೀವು ಸಿಕ್ಕಿಬಿದ್ದ ಮಾರನೇ ದಿನವೇ ಅಷ್ಟೂ ಲಸಿಕೆ ಆಸ್ಪತ್ರೆಗಳಿಗೆ ಹೋಗಿದೆ. ಕಂಪನಿ ಕೊಟ್ಟ ಕಾಗದದಲ್ಲೇ ಇದೆ. ನೀವು ಬಾಯಿ ಬಿಟ್ರೂ ಕಳ್ಳಿ ಅನ್ನಿಸಿಕೊಂಡೋಳ ಮಾತು ಯಾರು ನಂಬ್ತಾರೆ?"

ಬೆಂಚಿನಲ್ಲಿ ಕೂತಿದ್ದ ಅವಳ ತಾಯಿ ಎದ್ದು ಬಂದು ಮಗಳ ಕೈ ಹಿಡಿದುಕೊಂಡಳು.

"ಹೇಗೂ ಕೆಲಸ ವಾಪಸ್ ಸಿಗುತ್ತೆ ಕಣೇ. ಲಸಿಕೆ ವಿಷಯ ಎತ್ತಬೇಡ. ನನ್ನ ತಮ್ಮ ಜೈಲಿಗೆ ಹೋಗ್ತಾನೆ. ಅವನಿಗೂ ಮಕ್ಕಳಿದಾರೆ."

"ಅದನ್ನ ಚುಚ್ಚಿರೋದೂ ಮಕ್ಕಳಿಗೇ, ಅಮ್ಮ."

ಅವಳು ಕೈ ಬಿಡಿಸಿಕೊಂಡು ಒಳಗೆ ಹೋದಳು. ನಡೆದದ್ದನ್ನೆಲ್ಲ ಒಂದೂ ಬಿಡದೆ ಬರೆಸಿದಳು. ಸಹಿ ಹಾಕುವಾಗ ಅಮ್ಮನಿಗಾಗಿ ತಿರುಗಿ ನೋಡಿದಳು. ತಾಯಿ ತನ್ನ ತಮ್ಮನ ಪಕ್ಕ ನಿಂತು, ಸೆರಗಿನಿಂದ ಅವನ ಕಣ್ಣು ಒರೆಸುತ್ತಿದ್ದಳು.