ಸೈಕಲ್ಲಿಗೆ ಸ್ಟೇ

ಪಂಪಾವತಿ ಸೈಕಲ್ಲಿನ ಹ್ಯಾಂಡಲ್ಲಿಗೆ ಕೈ ಹಾಕಿದ್ದಳಷ್ಟೇ, ಒಳಗಿನಿಂದ ಅಜ್ಜನ ದನಿ ಬಂತು.

"ಲೇ ಪಂಪಿ, ಮುಟ್ಟಬ್ಯಾಡ. ಅದು ಕೋರ್ಟಿನ್ಯಾಗ ಐತಿ."

ಸೈಕಲ್ಲು ಕೋರ್ಟಿನಲ್ಲೇನೂ ಇರಲಿಲ್ಲ. ಗಾದಿಗನೂರಿನಲ್ಲೇ ಇತ್ತು. ಅವಳ ಅಜ್ಜ ಹನುಮಣ್ಣನ ಮನೆಗೂ ಪಕ್ಕದ ದೊಡ್ಡಬಸಪ್ಪಜ್ಜನ ಮನೆಗೂ ನಡುವೆ ನಾಲ್ಕಡಿಯ ಒಂದು ಸಂದಿ ಇತ್ತಲ್ಲ, ಅಲ್ಲಿ ಗೋಡೆಗೆ ಒರಗಿಕೊಂಡು ನಿಂತಿತ್ತು. ನಿಂತು ಇವತ್ತಿಗೆ ಇಪ್ಪತ್ತಾರು ದಿನ.

ದೋಣಿಮಲೈ ಗಣಿಯಲ್ಲಿ ಕೆಲಸ ಮಾಡುವ ಅಪ್ಪ ತಂದುಕೊಟ್ಟ ನೀಲಿ ಸೈಕಲ್ಲು ಅದು. ಪಂಪಾವತಿ ಅದನ್ನು ಓಡಿಸಿದ್ದು ಹನ್ನೊಂದೇ ದಿನ. ಅದಿರು ಲಾರಿಗಳ ಧೂಳು ಕೂತು ಕೂತು ಈಗ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಗೂಟಕ್ಕೆ ಕಟ್ಟಿದ್ದ ದೊಡ್ಡಬಸಪ್ಪಜ್ಜನ ಕರಿ ಆಡು ಮೊದಲನೇ ವಾರವೇ ಸೀಟಿನ ಕವರ್ ತಿಂದು ಮುಗಿಸಿತ್ತು. ಈಗ ಹ್ಯಾಂಡಲ್ಲಿನ ಗ್ರಿಪ್ಪನ್ನು ಮೂಸಿ ನೋಡುತ್ತಿತ್ತು.

ಇದೆಲ್ಲ ಆದದ್ದು ಹೀಗೆ.

ಆ ಸಂದಿ ಯಾರದು ಎಂದು ಏಳು ವರ್ಷಗಳಿಂದ ಕೇಸು ನಡೆದಿತ್ತು. ಸೂರಿನ ನೀರು ಬೀಳಲಿ ಅಂತ ನಮ್ಮಪ್ಪ ಬಿಟ್ಟ ಜಾಗ ಎಂದು ಹನುಮಣ್ಣ. ಬಂಡಿ ನಿಲ್ಲಿಸಲಿ ಅಂತ ನಮ್ಮಪ್ಪ ಬಿಟ್ಟ ಜಾಗ ಎಂದು ದೊಡ್ಡಬಸಪ್ಪ. ನಾಲ್ಕಡಿಯಲ್ಲಿ ಯಾವ ಬಂಡಿ ನಿಲ್ಲುತ್ತದೋ, ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ಹೋದ ತಿಂಗಳು ದೊಡ್ಡಬಸಪ್ಪಜ್ಜನ ಮಗ ಅಲ್ಲಿ ಬಚ್ಚಲು ಕಟ್ಟಬೇಕೆಂದು ಇಟ್ಟಿಗೆ ತರಿಸಿದ. ಹನುಮಣ್ಣ ಮಾರನೇ ದಿನವೇ ಹೊಸಪೇಟೆಗೆ ಓಡಿ ಕೋರ್ಟಿನಿಂದ ಸ್ಟೇ ತಂದ. ಹಿಂದೆಯೇ ಜಾಗ ನೋಡಲು ಕೋರ್ಟು ಕಳಿಸಿದ ಕಮಿಷನರ್ ಒಬ್ಬರು ಟೇಪು ಹಿಡಿದುಕೊಂಡು ಬಂದರು. ಸಂದಿಯ ಉದ್ದ ಅಗಲ ಅಳೆದು, ಹಾಳೆಯಲ್ಲಿ ನಕ್ಷೆ ಬರೆದರು. ಇಲ್ಲೊಂದು ಚರಂಡಿ, ಇಲ್ಲೊಂದು ಸೈಕಲ್ಲು, ಇಲ್ಲೊಂದು ಆಡು. ಹೋಗುವಾಗ ಎರಡೂ ಮನೆಯವರಿಗೆ, ಮುಂದಿನ ಆದೇಶದ ತನಕ ಸಂದಿ ಹೇಗಿದೆಯೋ ಹಾಗೇ ಇರಬೇಕು, ಯಾರೂ ಏನೂ ಬದಲು ಮಾಡಬಾರದು ಎಂದು ಹೇಳಿ ಹೋದರು.

ಅಷ್ಟೇ. ಎರಡೂ ಮನೆಯವರು ಆ ಮಾತನ್ನು ಗಂಟು ಕಟ್ಟಿ ಇಟ್ಟುಕೊಂಡರು.

ಸೈಕಲ್ ಸರಿಸಿದರೆ ಜಾಗ ಬಿಟ್ಟುಕೊಟ್ಟ ಹಾಗೆ ಎಂದು ಹನುಮಣ್ಣ ಅದನ್ನು ಮುಟ್ಟಗೊಡಲಿಲ್ಲ. ಆಡು ಬಿಚ್ಚಿದರೆ ತನ್ನ ಹಕ್ಕು ಹೋಯಿತು ಎಂದು ದೊಡ್ಡಬಸಪ್ಪ ಅದನ್ನು ಬಿಚ್ಚಲಿಲ್ಲ. ಮೊದಲು ಬೇಲಿ ಬೇಲಿ ಹಾರಿ ಮೇಯುತ್ತಿದ್ದ ಆಡು ಈಗ ನಿಂತಲ್ಲೇ ನಿಂತು, ತಂದುಕೊಟ್ಟ ಸೊಪ್ಪು ತಿಂದು ದಪ್ಪಗಾಯಿತು. ಹತ್ತು ದಿನದ ಹಿಂದೆ ಅದು ಒಂದು ಮರಿ ಹಾಕಿದಾಗಲಂತೂ ದೊಡ್ಡಬಸಪ್ಪಜ್ಜನ ಮನೆಯಲ್ಲಿ ಗಾಬರಿಯೋ ಗಾಬರಿ. ನಕ್ಷೆಯಲ್ಲಿ ಇರುವುದು ಒಂದೇ ಆಡು. ಈಗ ಎರಡಾದವಲ್ಲ! ಕೊನೆಗೆ ಮರಿಯನ್ನು ಮನೆಯೊಳಗೆ ಬುಟ್ಟಿಯಲ್ಲಿ ಬಚ್ಚಿಟ್ಟು, ಹಾಲು ಕುಡಿಯುವ ಹೊತ್ತಿಗೆ ಮಾತ್ರ ಕದ್ದು ಎತ್ತಿಕೊಂಡು ಬರತೊಡಗಿದರು.

ಪಂಪಾವತಿಗೆ ಇದಕ್ಕೆಲ್ಲ ನಗು ಬರಬೇಕಿತ್ತು. ಆದರೆ ಶನಿವಾರ ಶಾಲೆಯಲ್ಲಿ ಸ್ಪೋರ್ಟ್ಸ್ ಇತ್ತು, ಅದರಲ್ಲಿ ಸ್ಲೋ ಸೈಕಲ್ ರೇಸ್ ಇತ್ತು. ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ನಿಧಾನ ಹೋಗಿ, ಎಲ್ಲರಿಗಿಂತ ಕೊನೆಗೆ ಮುಟ್ಟಿದವರಿಗೆ ಫಸ್ಟ್ ಪ್ರೈಜು. ಆರನೇ ಕ್ಲಾಸಿನಲ್ಲಿ ಪಂಪಾವತಿಯಷ್ಟು ನಿಧಾನ ಹೊಡೆಯುವವರು ಯಾರೂ ಇರಲಿಲ್ಲ. ಆದರೆ ಸೈಕಲ್ಲೇ ಇಲ್ಲದೆ ಎಷ್ಟು ನಿಧಾನ ಹೋಗಿ ಏನು? ಗೆಳತಿ ಚಂದ್ರಕಲಾಳದ್ದು ಕೇಳೋಣವೆಂದರೆ, ಅವಳೂ ಅದೇ ರೇಸಿನಲ್ಲಿದ್ದಳು.

ಗುರುವಾರ ಅಜ್ಜನ ಕೇಸಿಗೆ ವಾಯಿದೆ. ವಾಯಿದೆ ಎಂದರೆ ಇಂಥ ದಿನ ಬನ್ನಿ ಎಂದು ಕೋರ್ಟಿನವರು ಕೊಟ್ಟ ತಾರೀಖು. ತಾನೂ ಹೋಗಿ ಜಡ್ಜರನ್ನೇ ಕೇಳಿಬಿಡುವುದು ಎಂದು ಪಂಪಾವತಿ ತೀರ್ಮಾನ ಮಾಡಿದಳು. ಬುಧವಾರ ಶಾಲೆಯಲ್ಲಿ ರಜೆ ಚೀಟಿ ಕೊಟ್ಟಳು. 'ನನಗೆ ಹೊಸಪೇಟೆ ಕೋರ್ಟಿನಲ್ಲಿ ವಾಯಿದೆ ಇರುವ ಕಾರಣ ಒಂದು ದಿನ ರಜೆ ಕೊಡಬೇಕಾಗಿ ವಿನಂತಿ.' ಹೆಡ್‌ಮೇಡಂ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಏನು ಮಾಡಿದೆಯೇ ತಾಯಿ ಎಂದು ಮೆಲ್ಲಗೆ ಕೇಳಿದರು.

ಅಜ್ಜನಿಗೆ ಮಾತ್ರ ಅವಳನ್ನು ಕರೆದೊಯ್ಯಲು ಸುತರಾಂ ಮನಸ್ಸಿರಲಿಲ್ಲ. ಬಿಸಿಲು ಎಂದ. ಬಸ್ಸು ರಶ್ ಎಂದ. ಕೋರ್ಟಿನಲ್ಲಿ ಮಕ್ಕಳನ್ನು ಒಳಗೆ ಬಿಡುವುದಿಲ್ಲ ಎಂದ. ಅಜ್ಜಿ ಜಂಬವ್ವ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು.

"ಕರಕೊಂಡು ಹೋಗು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಐತಿ. ಆ ಮನಿಯಾವ ದಾರ್‍ಯಾಗ ಏನರ ಅಂದ್ರ ನಿನಗೊಂದು ಸಾಕ್ಷಿ ಆಗ್ತತಿ."

ಅಜ್ಜಿ ತಾನೇ ಹೋಗುತ್ತಿದ್ದಳು. ಆದರೆ ಬಸ್ಸಿನ ವಾಸನೆಗೇ ಅವಳಿಗೆ ವಾಂತಿ.

ಗುರುವಾರ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಅಜ್ಜ ಈ ತುದಿಯ ಬೇವಿನ ಮರದ ಕೆಳಗೆ ನಿಂತ. ದೊಡ್ಡಬಸಪ್ಪಜ್ಜ ಆ ತುದಿಯ ಚಾದಂಗಡಿ ಮುಂದೆ ಕೊಡೆ ಊರಿಕೊಂಡು ನಿಂತಿದ್ದ. ಒಬ್ಬ ಪೂರ್ವ ನೋಡಿದರೆ ಒಬ್ಬ ಪಶ್ಚಿಮ. ಬಸ್ಸು ಬಂದಾಗ ಒಬ್ಬ ಮುಂದಿನ ಬಾಗಿಲಿಂದ ಹತ್ತಿದ, ಇನ್ನೊಬ್ಬ ಹಿಂದಿನದರಿಂದ.

ಊರು ದಾಟಿತು. ಮುಂದಿನ ಹಳ್ಳಿಯೂ ದಾಟಿತು. ಆಗ ಹಿಂದಿನ ಸೀಟಿನಿಂದ ದೊಡ್ಡಬಸಪ್ಪಜ್ಜ ಎದ್ದು, ಕಂಬಿ ಹಿಡಿದುಕೊಂಡು, ದಿನಾ ಬರುವವನ ಹಾಗೆ ಸೀದಾ ಅಜ್ಜನ ಸೀಟಿನ ಹತ್ತಿರ ಬಂದ. ಬಂದವನು ಕಿಟಕಿ ಬದಿಗೆ ಕೂತಿದ್ದ ಪಂಪಾವತಿಯನ್ನು ಕಂಡು ಕಂಬಿಗೆ ಅಂಟಿಕೊಂಡಂತೆ ನಿಂತುಬಿಟ್ಟ.

ಅಜ್ಜ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ.

"ಪಂಪಿ, ಸ್ವಲ್ಪ ಆ ಕಡಿ ಸರಿ," ಎಂದ ಕೊನೆಗೆ. "ಕುಂದ್ರಲೇ ಬಸ್ಯಾ. ಎಷ್ಟೊತ್ತು ನಿಂತಿರ್ತೀ."

ಪಂಪಾವತಿ ಬಾಯಿ ತೆರೆದದ್ದು ಮುಚ್ಚಲಿಲ್ಲ. ಬಸ್ಯಾ! ಮನೆಯಲ್ಲಿ ಅಜ್ಜ ಆ ಹೆಸರು ಎತ್ತಿದ್ದನ್ನೇ ಅವಳು ಕೇಳಿರಲಿಲ್ಲ. 'ಆ ಮನಿಯಾವ' ಎನ್ನುತ್ತಿದ್ದ, ಅಷ್ಟೇ.

ದೊಡ್ಡಬಸಪ್ಪಜ್ಜ ಸೀಟಿನ ತುದಿಗೆ ಕೂತು, ಕೈಚೀಲದಿಂದ ಬಟ್ಟೆಯ ಗಂಟು ತೆಗೆದ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಅರ್ಧ ಮುರಿದು ಅಜ್ಜನಿಗೆ ಕೊಟ್ಟ. ತನ್ನ ಪಾಲಿನಲ್ಲಿ ಮತ್ತೆ ಅರ್ಧ ಮುರಿದು ಪಂಪಾವತಿಗೆ ಕೊಟ್ಟ. ಆಮೇಲೆ ಇಬ್ಬರೂ ಶುರು ಮಾಡಿದರು ನೋಡಿ, ಹೊಸಪೇಟೆ ಬರುವ ತನಕ ಮಾತು ನಿಲ್ಲಲಿಲ್ಲ. ಮೊಣಕಾಲಿನ ಸುದ್ದಿ, ಕಣ್ಣಿನ ಸುದ್ದಿ, ಹತ್ತಿ ರೇಟಿನ ಸುದ್ದಿ. ಬಚ್ಚಿಟ್ಟ ಆಡಿನ ಮರಿ ರಾತ್ರಿಯೆಲ್ಲ ಒದರಿ ಯಾರಿಗೂ ನಿದ್ದೆ ಇಲ್ಲ ಎಂದಾಗಲಂತೂ ಅಜ್ಜ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಕೋರ್ಟಿನ ಗೇಟು ಕಂಡ ಕೂಡಲೇ ಇಬ್ಬರೂ ದೂರ ದೂರವಾದರು. ಒಳಗೆ ಹೆಸರು ಕೂಗಿದಾಗ ಇಬ್ಬರೂ ಮುಖ ಗಡಸು ಮಾಡಿಕೊಂಡು ಹೋಗಿ ನಿಂತರು. ಎರಡು ನಿಮಿಷವೂ ಆಗಲಿಲ್ಲ, ಮುಂದಿನ ತಿಂಗಳಿಗೆ ವಾಯಿದೆ ಬಿತ್ತು. ಜಡ್ಜರನ್ನು ಕೇಳುವುದಿರಲಿ, ಬಾಗಿಲಲ್ಲಿ ನಿಂತ ಪಂಪಾವತಿಗೆ ಅವರ ಮುಖವೂ ಸರಿಯಾಗಿ ಕಾಣಲಿಲ್ಲ.

ಅಜ್ಜನ ಲಾಯರು ಅಂಜಲಿ ಮೇಡಂ ಫೈಲು ಅಪ್ಪಿಕೊಂಡು ಹೊರಗೆ ಬಂದರು. ಪಂಪಾವತಿ ಅವರ ದಾರಿಗೆ ಅಡ್ಡ ನಿಂತಳು.

"ಮೇಡಂ, ನನ್ನ ಸೈಕಲ್ಲಿಗೂ ಸ್ಟೇ ಐತೇನ್ರಿ?"

ಮೇಡಂಗೆ ಮೊದಲು ಅರ್ಥವಾಗಲಿಲ್ಲ. ಪಂಪಾವತಿ ಇಷ್ಟೂ ದಿನದ ಕತೆ ಹೇಳಿದಳು. ಸೀಟಿನ ಕವರಿನದು, ಆಡಿನದು, ಬುಟ್ಟಿಯಲ್ಲಿಟ್ಟ ಮರಿಯದು. ಮೇಡಂ ನಗು ತಡೆಯಲಾರದೆ ಫೈಲಿನಿಂದ ಮುಖ ಮುಚ್ಚಿಕೊಂಡರು.

"ಸಂದಿಯೊಳಗ ಯಾರೂ ಕಟ್ಟಬಾರದು, ಅಗೀಬಾರದು, ಮಾರಬಾರದು. ಆರ್ಡರ್ ಅಷ್ಟಕ್ಕೇ ಅಮ್ಮಾ. ಸೈಕಲ್ಲು ಸಂದಿಗೆ ಹುಟ್ಟಿದ್ದಲ್ಲ. ನೀ ಆರಾಮಾಗಿ ತಗೊಂಡು ಹೋಗು. ಅದರಿಂದ ನಿಮ್ಮಜ್ಜನ ಹಕ್ಕೇನೂ ಹೋಗಂಗಿಲ್ಲ."

ಆಮೇಲೆ ಅಜ್ಜನ ಕಡೆ ತಿರುಗಿದರು. ಮುಂದಿನ ತಿಂಗಳು ಲೋಕ ಅದಾಲತ್ ಇದೆಯಂತೆ. ಇಬ್ಬರೂ ಒಪ್ಪಿ ಕೂತರೆ ಅಲ್ಲಿ ಕೇಸು ಒಂದೇ ದಿನಕ್ಕೆ ಮುಗಿಯುತ್ತದಂತೆ. ಅವರಿಗೆ ಎರಡಡಿ, ನಿಮಗೆ ಎರಡಡಿ, ಇಲ್ಲವೇ ಇಬ್ಬರೂ ಸೇರಿ ಬಳಸಿಕೊಳ್ಳಿ, ಇನ್ನು ಮೇಲೆ ತಿಂಗಳು ತಿಂಗಳು ಬಸ್ಸು ಹತ್ತಿ ಬರುವ ತಾಪತ್ರಯವೇ ಇಲ್ಲ ಎಂದರು.

ಅಜ್ಜನ ಮುಖ ಸಪ್ಪಗಾಯಿತು. ಬೇಸಿಗೆ ರಜೆ ನಾಳೆಗೇ ಮುಗಿಯಿತು ಎಂದರೆ ಹುಡುಗರ ಮುಖ ಆಗುತ್ತದಲ್ಲ, ಹಾಗೆ.

"ಅಷ್ಟು ಜಲ್ದಿ ಯಾಕ್ರಿ ಮೇಡಂ. ವಿಚಾರ ಮಾಡ್ತೀವ್ರಿ."

ಎರಡು ಕಂಬದ ಆಚೆಯಿಂದ ಇನ್ನೊಂದು ದನಿ ಬಂತು.

"ಹೌದ್ರಿ. ಗಡಿಬಿಡಿ ಬ್ಯಾಡ್ರಿ."

ಕಂಬದ ಹಿಂದೆ ಯಾರೆಂದು ಮೇಡಂ ಇಣುಕಿ ನೋಡುವಷ್ಟರಲ್ಲಿ ಅಲ್ಲಿ ಒಂದು ಕೊಡೆಯ ತುದಿ ಮಾತ್ರ ಕಾಣುತ್ತಿತ್ತು. ಪಂಪಾವತಿ ಆ ಕೊಡೆಯನ್ನು ನೋಡಿದಳು. ಅಜ್ಜನನ್ನು ನೋಡಿದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಬಜ್ಜಿ ಅಂಗಡಿಯಲ್ಲಿ ಮೂವರೂ ಒಂದೇ ಬೆಂಚಿನಲ್ಲಿ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಕೂತಾಗ ಅವಳು ತನ್ನ ಸೈಕಲ್ಲಿನ ಮಾತು ತೆಗೆದಳು. ಮೇಡಂ ಹೇಳಿದರಲ್ಲ, ಇವತ್ತೇ ತೆಗೆಯಿರಿ. ಆದರೆ ಕಷ್ಟ ಬೇರೆಯೇ ಇತ್ತು. ಮೊದಲು ಸೈಕಲ್ ತೆಗೆದರೆ ಸೋತು ಬಂದಿ ಎಂದು ಜಂಬವ್ವ ಅಜ್ಜನಿಗೆ ಉಣ್ಣಲು ಇಕ್ಕುವುದಿಲ್ಲ. ಮೊದಲು ಆಡು ಬಿಚ್ಚಿದರೆ ದೊಡ್ಡಬಸಪ್ಪಜ್ಜನನ್ನು ಮಗ ಸುಮ್ಮನೆ ಬಿಡುವುದಿಲ್ಲ.

"ಹಂಗಾದ್ರ ಇಬ್ರೂ ಒಂದೇ ಸಲಕ್ಕ ತಗೀರಿ," ಎಂದಳು ಪಂಪಾವತಿ.

ಇಬ್ಬರೂ ಯೋಚಿಸಿದರು. ಮಿರ್ಚಿ ಖಾಲಿಯಾಗುವ ತನಕ ಯೋಚಿಸಿದರು.

"ತೆಗೀಬಹುದು," ಎಂದ ದೊಡ್ಡಬಸಪ್ಪಜ್ಜ. "ಆದ್ರ ಸುಮ್ನ ತೆಗದ್ರ ಮಂದಿಗೆ ಡೌಟ್ ಬರ್ತತಿ. ಸ್ವಲ್ಪ ಬೈದಾಡಬೇಕಾಗ್ತತಿ ಹನುಮ್ಯಾ."

"ಬೈ. ನಮ್ಮಪ್ಪನ ಸುದ್ದಿಗೆ ಮಾತ್ರ ಹೋಗಬ್ಯಾಡ."

"ಹೋಗಲ್ಲ ತಗಿ. ನಿಮ್ಮಪ್ಪ ನನ್ನನ್ನ ಹೆಗಲ ಮ್ಯಾಲ ಕುಂದ್ರಿಸಿಕೊಂಡು ತಿರುಗಿದಾಂವ."

ಸಂಜೆ ಐದು ಗಂಟೆಗೆ ಗಾದಿಗನೂರಿನ ಆ ಸಂದಿಯಲ್ಲಿ ಜಗಳ ಶುರುವಾಯಿತು. ನಿನ್ನ ಆಡು ನಮ್ಮ ಹುಡುಗಿಯ ಸೀಟು ತಿಂದಿದೆ, ತೆಗೆ ಅದನ್ನು ಎಂದು ಅಜ್ಜ ಗುಡುಗಿದ. ನಿನ್ನ ಸೈಕಲ್ಲಿನಿಂದ ನಮ್ಮ ಆಡಿಗೆ ಕಾಲು ಚಾಚಲು ಜಾಗವಿಲ್ಲ, ನೀನು ತೆಗೆ ಎಂದು ದೊಡ್ಡಬಸಪ್ಪಜ್ಜ ತಿರುಗಿ ಗುಡುಗಿದ. ಓಣಿಯವರೆಲ್ಲ ಕೂಡಿದರು. ಕೂಗಾಟದ ನಡುವೆ ಒಬ್ಬ ಹಗ್ಗದ ಗಂಟು ಬಿಚ್ಚುತ್ತಿದ್ದುದನ್ನೂ ಒಬ್ಬ ಸೈಕಲ್ಲಿನ ಹಿಂದಿನ ಗಾಲಿ ಎತ್ತಿದ್ದನ್ನೂ ಯಾರೂ ಗಮನಿಸಲಿಲ್ಲ.

ಎಲ್ಲ ಸರಿಯಾಗಿತ್ತು, ಆದರೆ ಆಡು ಅಲ್ಲಾಡಲಿಲ್ಲ. ಕೂತಲ್ಲಿಗೇ ಸೊಪ್ಪು ಬರುವ ಜಾಗವನ್ನು ಅದೇಕೆ ಬಿಟ್ಟೀತು? ದೊಡ್ಡಬಸಪ್ಪಜ್ಜ ಎಳೆದ. ಅದು ನಾಲ್ಕೂ ಕಾಲು ಊರಿ ನಿಂತಿತು. ಅಜ್ಜ ಸೈಕಲ್ಲನ್ನು ಅರ್ಧ ಎತ್ತಿಕೊಂಡೇ ಬೈಗುಳ ಮುಂದುವರಿಸಿದ. ಬೈಯುವುದೆಲ್ಲ ತೀರಿ, ಮೊದಲಿಂದ ಮತ್ತೆ ಶುರು ಮಾಡಿದ. ಕೊನೆಗೆ ಪಂಪಾವತಿಯೇ ಹಿಂದೆ ಹೋಗಿ ಎರಡೂ ಕೈಯಿಂದ ಆಡನ್ನು ನೂಕಿದಳು. ಆಡು ಆ ಕಡೆ ಹೊರಬಿತ್ತು, ಸೈಕಲ್ಲು ಈ ಕಡೆ.

ಸಂದಿ ಬರಿದಾಯಿತು. ಯಾರು ಸೋತರು ಎಂದು ಯಾರಿಗೂ ಗೊತ್ತಾಗಲಿಲ್ಲ.

ಪಂಪಾವತಿ ಅಂಗಳದಲ್ಲಿ ಸೈಕಲ್ ಒರೆಸಿ, ಗಾಲಿಗೆ ಗಾಳಿ ಹೊಡೆಯುತ್ತಿದ್ದಳು. ಜಂಬವ್ವ ಬಂದು ಪಕ್ಕದಲ್ಲಿ ನಿಂತಳು.

"ಬಸ್ಸಿನ್ಯಾಗೂ ಹಿಂಗ ಜಗಳಾಡಿದ್ರೇನಲೇ?"

ಪಂಪಾವತಿ ತಲೆ ಎತ್ತಲಿಲ್ಲ. ಪಂಪನ್ನು ಎರಡು ಸಲ ಜೋರಾಗಿ ಒತ್ತಿದಳು.

"ಹೂಂ ಅಜ್ಜಿ. ಭಾಳ."

"ಮುಂದ ಯಾವಾಗ ಐತಂತ ವಾಯಿದೆ?"

"ಇನ್ನೊಂದು ತಿಂಗಳಿಗೆ," ಎಂದಳು ಪಂಪಾವತಿ. ಸ್ವಲ್ಪ ತಡೆದು, "ಅಜ್ಜನ ಬುತ್ತಿಗೆ ಅವತ್ತು ಎರಡು ರೊಟ್ಟಿ ಜಾಸ್ತಿ ಕಟ್ಟು ಅಜ್ಜಿ. ಕೋರ್ಟಿನ್ಯಾಗ ಭಾಳ ಹಸಿವಾಗ್ತತಿ," ಎಂದಳು.

ಆಮೇಲೆ ಪ್ರಾಕ್ಟೀಸಿಗೆಂದು ಸೈಕಲ್ ಹತ್ತಿ ಓಣಿಗೆ ಬಂದಳು. ಕಾಲು ನೆಲಕ್ಕೆ ತಾಗದಂತೆ ನಿಧಾನ, ಇನ್ನೂ ನಿಧಾನ. ದೊಡ್ಡಬಸಪ್ಪಜ್ಜ ತನ್ನ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಅವನ ಮಗ, ಸೊಸೆ, ಓಣಿಯ ನಾಲ್ಕು ಮಂದಿ ಇದ್ದರು. ಅವಳನ್ನು ಕಂಡವನೇ ಹುಬ್ಬು ಗಂಟಿಕ್ಕಿ, ತುಟಿ ಬಿಗಿಹಿಡಿದು, ಮುಖ ಆ ಕಡೆ ತಿರುಗಿಸಿದ.

ಪಂಪಾವತಿಯೂ ಮೂಗು ಮೇಲೆತ್ತಿ ಮುಖ ಈ ಕಡೆ ತಿರುಗಿಸಿದಳು. ಅಷ್ಟು ನಿಧಾನದಲ್ಲಿ, ನಗದೆ ಆ ಕಟ್ಟೆಯನ್ನು ದಾಟುವುದು ಅವಳಿಗೆ ಭಾರೀ ಕಷ್ಟವಾಯಿತು.