ಮರಕ್ಕೆ ಕಟ್ಟಿದ ಸೀತಾಳೆ

"ಏ ಸಗೀರಾ, ನನ್ನ ಮರ ಕೊಡ! ಜ್ವಾಳ ಹಸನ ಮಾಡಬೇಕು. ಎರಡ ತಿಂಗಳಾತು, ಮಂದಿ ಮನಿ ಮರ ಕಡಾ ತಂದು ತಂದು ನನ್ನ ಮಾನ ಹೋಗೇತಿ!"

ದಾವಲಬಿ ಅಜ್ಜಿ ಕೂಗಿದರೆ ಭೀಮಾ ಹೊಳೆಯ ಆಚೆ ದಂಡೆಯ ಎಮ್ಮೆಗಳೂ ಮೇಯುವುದು ಬಿಟ್ಟು ತಲೆ ಎತ್ತುತ್ತವೆ. ಆದರೆ ಒಳಕೋಣೆಯಲ್ಲಿದ್ದ ಮೊಮ್ಮಗಳಿಗೆ ಅದು ಕೇಳಲೇ ಇಲ್ಲ. ಅವಳಿಗೆ ಕೇಳಿದ್ದು ಒಂದೇ ಸದ್ದು.

ಟಪ್.

ಇನ್ನೊಂದು ಎಲೆ ಉದುರಿತು. ಸಿಡಿಲು ಬಡಿದಂತಾಯಿತು ಸಗೀರಾಗೆ. ಹನ್ನೊಂದು ಎಲೆಗಳಿದ್ದ ಗಿಡದಲ್ಲಿ ಈಗ ಉಳಿದದ್ದು ಮೂರೇ.

ಗಿಡ ಅವಳದಲ್ಲ, ಶಾಲೆಯಲ್ಲಿ ಕಲಿಸುವ ಶಿರಸಿ ಅಕ್ಕೋರದು. ಹೆಸರು ಸೀತಾಳೆ ದಂಡೆ. ದೇವಣಗಾಂವದಲ್ಲಿ ಅಂಥದ್ದನ್ನು ಯಾರ ಮುತ್ತಜ್ಜನೂ ಕಂಡಿರಲಿಲ್ಲ. ಮಣ್ಣೇ ಬೇಡದ ಗಿಡ! ಅಕ್ಕೋರು ಹೆರಿಗೆಗೆ ತವರಿಗೆ ಹೊರಟಾಗ ಅದನ್ನು ಸಗೀರಾಳ ಕೈಗೆ ಕೊಟ್ಟಿದ್ದರು.

"ಇದನ್ನ ಮರಕ್ಕೆ ಕಟ್ಟಿಬಿಡು. ದಿನಾ ಬೇರಿಗೆ ಒಂದಿಷ್ಟು ನೀರು ಚಿಮುಕಿಸು. ನಮ್ಮೂರಲ್ಲಿ ಜಡೆ ಇಳಿಬಿಟ್ಟ ಹಾಗೆ ಹೂ ಬಿಡ್ತಿತ್ತು. ಇಲ್ಲಿಗೆ ತಂದು ಎರಡು ವರ್ಷ ಆಯ್ತು, ಒಂದು ಮೊಗ್ಗೂ ಇಲ್ಲ."

"ನೀವು ಬರೂದ್ರಾಗ ಹೂವಾ ಬಿಡಸ್ತೇನ್ರಿ ಅಕ್ಕೋರ! ಇಡೀ ಸಾಲಿ ಹುಡಿಗ್ಯಾರಿಗೆ ಮುಡಿಸಿ, ಮ್ಯಾಲ ನಾಕ ಬುಟ್ಟಿ ಉಳೀಬೇಕು!"

ಹೇಳಿದ್ದು ಇಡೀ ಕ್ಲಾಸಿನ ಎದುರು. ಆವತ್ತಿನಿಂದ ಅದೇ ಕ್ಲಾಸಿನ ರೇವಪ್ಪ ಸಿಕ್ಕಲ್ಲೆಲ್ಲ ಅಡ್ಡ ನಿಲ್ಲುತ್ತಿದ್ದ. "ಏನವಾ ಹೂಗಾರ್ತಿ, ಮೊಗ್ಗ ಬಂದೂ ಏನ?"

"ಹತ್ತ ಬಂದಾವ," ಅಂದಿದ್ದಳು ಮೊದಲ ಸಲ. ಮರುವಾರ ನೂರಾದವು. ಅದರ ಮುಂದಿನ ವಾರ ಲೆಕ್ಕ ತಪ್ಪಿತು. ಈಗ ಅವನ ಟೋಪಿ ಕಂಡರೆ ಸಾಕು, ಬೇರೆ ಓಣಿ ಹಿಡಿಯುತ್ತಿದ್ದಳು.

ಅವಳು ಮಾಡಿದ್ದರಲ್ಲಿ ಕಡಿಮೆ ಏನಿತ್ತು? ಗಿಡ ಸಿಕ್ಕ ಸಂಜೆಯೇ ಅಜ್ಜಿಯ ಹಳೇ ಸೀರೆಯ ಅಂಚು ಹರಿದು, ಗಿಡವನ್ನು ಜೋಳ ಕೇರುವ ಬಿದಿರಿನ ಮರಕ್ಕೆ ಬಿಗಿಯಾಗಿ ಕಟ್ಟಿದ್ದಳು. ಬಿಸಿಲು ತಾಗದಂತೆ ಒಳಗಿಟ್ಟಿದ್ದಳು. ದಿನಕ್ಕೆ ಎರಡು ತಂಬಿಗೆ ನೀರು ಹೊಯ್ದಿದ್ದಳು. ಸಗಣಿ, ಮೆಂತ್ಯ ಬಳಿದ ಮರ, ಹನಿ ನೀರೂ ಸೋರುತ್ತಿರಲಿಲ್ಲ. ಆದರೂ ಬೆಳ್ಳಗಿದ್ದ ಬೇರುಗಳು ಕಪ್ಪಾಗಿ ನಾರತೊಡಗಿದ್ದವು.

ಅಷ್ಟರಲ್ಲಿ ಸಿಂದಗಿ ಬಸ್ಸಿನ ಟಪಾಲಿನಲ್ಲಿ ಒಂದು ಕಾರ್ಡು ಬಂತು. ಶಿರಸಿಯಿಂದ!

"ಏನ ಬರದಾರ, ಓದ," ಎಂದಳು ಓದು ಬಾರದ ಅಜ್ಜಿ.

"ಮಗು ಚೆನ್ನಾಗಿದೆ. ಇನ್ನು ಹದಿನೈದು ದಿನಕ್ಕೆ ಬರುತ್ತೇನೆ. ಸೀತಾಳೆಯನ್ನು ನಿಮ್ಮ ಮನೆ ಮುಂದಿನ ಬೇವಿನ ಮರಕ್ಕೇ ಕಟ್ಟಿದೆ ತಾನೆ? ಅದರ ನೆರಳು ಒಳ್ಳೆಯದು."

"ಬೇವಿನ ಮರ?" ಅಜ್ಜಿ ಹುಬ್ಬೇರಿಸಿದಳು. "ಬೇವಿನ ಕಟಗೀಲೆ ಯಾರ ಮರ ಹೆಣೀತಾರ? ಮರಕ್ಕ ಎಂಥಾ ನೆರಳು? ಬಾಣಂತಿಗೆ ತಲಿಗಿಲಿ ತಿರಿಗೇತೇನ?"

ಸಗೀರಾಳ ಬೆರಳು ‘ಮರ’ ಎಂಬ ಪದದ ಮೇಲೇ ನಿಂತಿತು. ಊರಲ್ಲಿ ಮರ ಅಂದರೆ ಕೇರುವ ಮೊರ; ಪುಸ್ತಕದಲ್ಲಿ ಮರ ಅಂದರೆ ದೊಡ್ಡ ಗಿಡ. ಪರೀಕ್ಷೆಯಲ್ಲಿ ಹಾಗೇ ಬರೆದು ಮಾರ್ಕ್ಸೂ ತಗೊಂಡಿದ್ದಳು. ಆದರೆ ಪುಸ್ತಕದ ಮಾತನ್ನು ಬಾಯಲ್ಲಿ ಆಡುವ ಮಂದಿ ಇದ್ದಾರೆಂದು ಯಾರಿಗೆ ಗೊತ್ತಿತ್ತು?

"ಅಜ್ಜಿ... ಅಕ್ಕೋರು ಹೇಳಿದ್ದು ಗಿಡಕ್ಕ ಕಟ್ಟು ಅಂತ!"

ಅಜ್ಜಿ ಮನೆ ಹಂಚು ಹಾರುವಂತೆ ನಕ್ಕಳು. ಮೊಮ್ಮಗಳ ಮುಖ ನೋಡಿ ಗಪ್ಪನೆ ನಿಲ್ಲಿಸಿದಳು. ಕತ್ತರಿ ತಂದು ಕೊಳೆತ ಬೇರುಗಳನ್ನೆಲ್ಲ ಕತ್ತರಿಸಿದಳು. ಗಟ್ಟಿ ಉಳಿದದ್ದು ಒಂದೇ ಬೇರು. ಇಬ್ಬರೂ ಸೇರಿ ಅದನ್ನು ಬೇವಿನ ಗಿಡಕ್ಕೆ ಕಟ್ಟಿದರು.

ಆ ಹದಿನೈದು ದಿನ ಸಗೀರಾ ಬೇರಿಗೆ ಬೆರಳಿನಿಂದ ಅಷ್ಟಷ್ಟೇ ನೀರು ಚಿಮುಕಿಸಿದಳು.

ಅಕ್ಕೋರು ಬಂದೇಬಿಟ್ಟರು. ಹೆಗಲ ಮೇಲೆ ಕೂಸು, ಬೆನ್ನ ಹಿಂದೆ ಅರ್ಧ ಕ್ಲಾಸು, ಎಲ್ಲರಿಗಿಂತ ಮುಂದೆ ರೇವಪ್ಪ.

"ಎಲ್ಲೈತಿ ನಾಕ ಬುಟ್ಟಿ ಹೂವಾ?"

ಸಗೀರಾಳ ನಾಲಿಗೆಯ ಮೇಲೆ ಹತ್ತು ಕತೆ ಸಾಲಾಗಿ ನಿಂತಿದ್ದವು. ಮಂಗ್ಯಾ ತಿಂತು. ಸುಂಟರಗಾಳಿ ಒಯ್ತು. ಸೊಲ್ಲಾಪುರದ ಸಾಹುಕಾರ ಜೀಪಿನಲ್ಲಿ ಬಂದು ಕಿತ್ತುಕೊಂಡು ಹೋದ. ಅವಳು ಮೂರು ಎಲೆಗಳ ಆ ಗಿಡವನ್ನು ನೋಡಿದಳು.

"ಹೂವಾ ಬಂದಿಲ್ರಿ ಅಕ್ಕೋರ. ಮೊಗ್ಗೂ ಬಂದಿದ್ದಿಲ್ಲ. ನಾ ಜ್ವಾಳದ ಮರಕ್ಕ ಕಟ್ಟಿದ್ನಿರಿ. ಬೇರೆಲ್ಲಾ ಕೊಳತ ಹ್ವಾದೂರಿ."

ಒಂದು ಗಳಿಗೆ ಅಕ್ಕೋರಿಗೆ ತಿಳಿಯಲಿಲ್ಲ. ತಿಳಿದಾಗ ಹಣೆಗೆ ಕೈ ಹಚ್ಚಿದರು. "ಎರಡು ವರ್ಷ ಇಲ್ಲಿದ್ದೂ ನಾನು ಗಿಡ ಅನ್ನೋದು ಕಲೀಲಿಲ್ಲ ನೋಡು!"

ಹುಡುಗರು ಬಿದ್ದು ಬಿದ್ದು ನಕ್ಕರು. ಅಕ್ಕೋರು ಮಾತ್ರ ಗಿಡದ ಹತ್ತಿರ ಕತ್ತು ಚಾಚಿದರು. "ಬೇರಿನ ತುದಿ ಹಸಿರಾದ ಹಾಗಿದೆ. ಕೂಸು ಬಿಡ್ತಿಲ್ಲ, ನೀನೇ ನೋಡು. ಎಷ್ಟು ಉದ್ದ ಇದೆ?"

ಸಗೀರಾ ಬೇವಿನ ಬುಡದ ಕಲ್ಲು ಹತ್ತಿದಳು. ಗೇಣುದ್ದ ಅನ್ನಬಹುದಿತ್ತು. ಅವಳು ಬೇರಿನ ಪಕ್ಕ ಉಗುರು ಹಿಡಿದು, ಉಸಿರು ಬಿಗಿಹಿಡಿದು ಅಳೆದಳು.

"ಎರಡ ಎಳ್ಳಕಾಳಿನಷ್ಟ ಐತ್ರಿ. ಎರಡಕ್ಕೂ ಒಂಚೂರು ಕಡಿಮಿ."

ರೇವಪ್ಪ ಅವಳನ್ನು ಸರಿಸಿ ತಾನೂ ಕಲ್ಲು ಹತ್ತಿದ. ಬಹಳ ಹೊತ್ತು ನೋಡಿದ.

"ಹೌದ್ರಿ," ಎಂದ. "ಅಷ್ಟ ಐತಿ."