ಅಜ್ಜನ ಸೌತೆಕಾಯಿ ಕುದುರೆ

“ತಿಂದ್ಬಿಟ್ಟಾ?” ರಿತ್ಸು ಕಿರುಚಿದ. “ಪೂರ್ತೀನಾ?”

ಜೋಸಿಯ ಬಾಯಲ್ಲಿ ಇನ್ನೂ ಕೊನೆಯ ತುಂಡಿತ್ತು. ನುಂಗುವುದೋ ಉಗುಳುವುದೋ ತಿಳಿಯದೆ ಅವಳು ಕಣ್ಣು ಕಣ್ಣು ಬಿಟ್ಟಳು. ಜಗಲಿಯ ಮೇಲಿನ ತಟ್ಟೆಯಲ್ಲಿ ನಾಲ್ಕು ಕಡ್ಡಿಗಳು ಮಾತ್ರ ಉಳಿದಿದ್ದವು.

“ಸೌತೆಕಾಯಿ ತಾನೇ?” ನುಂಗಿ ಕೇಳಿದಳು. “ನಿನ್ನೆ ಅಂಗಡೀಲಿ ನೀನೇ ಕೊಡಿಸಿದ್ಯಲ್ಲ, ಕಡ್ಡಿಗೆ ಚುಚ್ಚಿದ್ದು. ಅದಕ್ಕೆ ಒಂದೇ ಕಡ್ಡಿ ಇತ್ತು, ಇದಕ್ಕೆ ನಾಲ್ಕಿತ್ತು. ನಾಲ್ಕು ಜನ ಹಂಚ್ಕೊಳ್ಳೋದೇನೋ ಅಂದ್ಕೊಂಡೆ.”

“ಮತ್ತೆ ಹಂಚಿದ್ಯಾ?”

“ಇಲ್ಲ. ಹಸಿವಾಗಿತ್ತು.”

“ಅದು ಕುದುರೆ ಕಣೇ, ಪೆದ್ದಿ!”

ಜೋಸಿ ಕಡ್ಡಿಗಳನ್ನು ನೋಡಿದಳು. ಅಯ್ಯೋ, ಅವು ಕಾಲುಗಳು!

“ಇವತ್ತು ಬೋನ್ ಹಬ್ಬ,” ರಿತ್ಸು ಉಸಿರು ಬಿಡದೆ ಹೇಳಿದ. “ಸತ್ತೋರೆಲ್ಲ ಮನೆಗೆ ಬರ್ತಾರೆ. ಅಜ್ಜ ಸತ್ಮೇಲೆ ಇದೇ ಮೊದಲ್ನೇ ಹಬ್ಬ. ಬೇಗ ಬರ್ಲಿ ಅಂತ ಅಜ್ಜಿ ಬೆಳಗ್ಗೇನೇ ಕುದುರೆ ಮಾಡಿಟ್ರು. ನೀನು ಅದಕ್ಕೆ ಮಿಸೋ ಗೊಜ್ಜು ಹಚ್ಕೊಂಡು ತಿಂದೆ!”

ಜೋಸಿ ತುಟಿಗಂಟಿದ್ದ ಮಿಸೋ ಒರೆಸಿಕೊಂಡಳು.

ರಜೆಗೆಂದು ಅಮ್ಮನ ಜೊತೆ ಆಸ್ಟ್ರೇಲಿಯಾದಿಂದ ಜಪಾನಿನಲ್ಲಿರುವ ಅಮ್ಮನ ಊರಿಗೆ ಬಂದವಳು ಅವಳು. ಅಲ್ಲಿ ಶಾಲೆಯಲ್ಲಿ ಎಲ್ಲರೂ ಅವಳನ್ನು ಜಪಾನಿ ಅನ್ನುತ್ತಿದ್ದರು. ಇಲ್ಲಿ ಈ ಬೆಟ್ಟದ ಹಳ್ಳಿಯಲ್ಲಿ ಪರದೇಶದ ಹುಡುಗಿ ಅನ್ನುತ್ತಿದ್ದರು. ಅಮ್ಮನಿಂದ ಹಳೇ ಕಾಲದ ಜಪಾನಿ ಮಾತು ಕಲಿತವಳಾದ್ದರಿಂದ ಬಾಯಿ ಬಿಟ್ಟರೆ ಸಾಕು, “ಮುದುಕಿ ಥರ ಮಾತಾಡ್ತಾಳೆ” ಎಂದು ಮಾವನ ಮಗ ರಿತ್ಸು ನಗುತ್ತಿದ್ದ. ಪಾಯಿಖಾನೆಗೆ ಬೇರೆ ಚಪ್ಪಲಿ ಯಾಕೆ? ಸಂಜೆ ಕಂಬದ ಮೈಕಿನಲ್ಲಿ ಸಂಗೀತ ಯಾಕೆ? ಕೇಳಿ ಕೇಳಿ ಅವನ ಕಿವಿ ತೂತು ಮಾಡಿದ್ದಳು. ತಿನ್ನಬಹುದೇ ಎಂಬುದೊಂದನ್ನು ಮಾತ್ರ ಕೇಳಿರಲಿಲ್ಲ.

“ಅಷ್ಟು ಚಿಕ್ಕ ಕುದುರೆ ಮೇಲೆ ಅಜ್ಜ ಹೇಗೆ ಕೂರ್ತಾರೆ?” ಈಗಲೂ ಕೇಳಿದಳು.

“ಸತ್ತೋರಿಗೆ ತೂಕ ಇರಲ್ಲ.”

“ತೂಕ ಇಲ್ದೇ ಇದ್ರೆ ಹಾರ್ಕೊಂಡು ಬರ್ಬಹುದಲ್ಲ? ಕುದುರೆ ಯಾಕೆ?”

ಉತ್ತರ ಗೊತ್ತಿಲ್ಲದಿದ್ದಾಗ ರಿತ್ಸುವಿಗೆ ಸಿಟ್ಟು ಬರುತ್ತಿತ್ತು. “ಬಾಯಿ ಮುಚ್ಕೊಂಡು ಹಿತ್ತಲಿಗೆ ಬಾ. ಅಜ್ಜಿ ಸಮಾಧಿ ತೊಳೆಯೋಕೆ ಹೋಗಿದಾರೆ. ಬರೋದ್ರೊಳಗೆ ಇನ್ನೊಂದು ಮಾಡೋಣ.”

ಹಿತ್ತಲಲ್ಲಿ ಸೌತೆ ಬಳ್ಳಿ ಒಣಗಿ ಹೋಗಿತ್ತು. ಎಲೆ ಸರಿಸಿ ಸರಿಸಿ ಹುಡುಕಿದರು. ಕೊನೆಗೆ ಸಿಕ್ಕಿದ್ದು ಒಂದೇ ಒಂದು ಕಾಯಿ. ಹಣ್ಣಾಗಿ, ಹಳದಿಯಾಗಿ, ಊದಿಕೊಂಡಿತ್ತು. ಹಳೆಯ ಕಡ್ಡಿ ಚುಚ್ಚಿ ನಿಲ್ಲಿಸಿದರೆ ಕಡ್ಡಿಗಳೇ ಮುರಿದವು. ರಿತ್ಸು ಅಡುಗೆಮನೆಯಿಂದ ಊಟದ ಕಡ್ಡಿಗಳನ್ನು ತಂದು ಮುರಿದು ಚುಚ್ಚಿದ. ಜಗಲಿಯ ತಟ್ಟೆಯಲ್ಲಿಟ್ಟಾಗ ಕುದುರೆ ನಿಂತಿತು, ಒಂದು ಕಡೆ ವಾಲಿಕೊಂಡು.

“ಹಂದಿ ಥರ ಇದೆ,” ಎಂದಳು ಜೋಸಿ.

“ಬಸುರಿ ಹಂದಿ,” ಎಂದ ರಿತ್ಸು. ನಗು ಬಂತು. ಮರುಗಳಿಗೆಗೇ ನಿಂತಿತು. “ಅಜ್ಜಿಗೆ ಗೊತ್ತಾಗೇ ಆಗುತ್ತೆ. ನೀನೊಂದು ಕೆಲಸ ಮಾಡು. ನಾನು ಪರದೇಶದವಳು, ಗೊತ್ತಿರ್ಲಿಲ್ಲ ಅನ್ನು. ನಿಂಗೆ ಯಾರೂ ಬೈಯಲ್ಲ.”

ಅದು ನಿಜ. ಮೊನ್ನೆ ಅವಳು ಪಾಯಿಖಾನೆಯ ಚಪ್ಪಲಿಯನ್ನೇ ಹಾಕಿಕೊಂಡು ಊಟದ ಕೋಣೆಯ ಚಾಪೆಯ ಮೇಲೆ ನಡೆದಿದ್ದಳು. ಅಜ್ಜಿ ತಲೆ ಬಾಗಿಸಿ ನಕ್ಕು, “ಪರವಾಗಿಲ್ಲ, ಪರವಾಗಿಲ್ಲ” ಅಂದಿದ್ದರು. ಅದೇ ರಿತ್ಸು ಆಗಿದ್ದರೆ ಬೆನ್ನಿಗೆ ಬೀಳುತ್ತಿತ್ತು. ಮನೆಯವನಲ್ಲದ ಅಂಚೆಯವನ ಹತ್ತಿರವೂ ಅಜ್ಜಿ ಹಾಗೆಯೇ ನಗುತ್ತಿದ್ದರು.

ಗೇಟು ಕಿರ್ರೆಂದಿತು. ಅಜ್ಜಿ ಬಕೆಟ್ಟು ಕೆಳಗಿಟ್ಟು, ಟವೆಲಿನಿಂದ ಕತ್ತು ಒರೆಸಿಕೊಂಡು, ತಟ್ಟೆಯ ಮುಂದೆ ನಿಂತರು. ತುಂಬ ಹೊತ್ತು ನೋಡಿದರು.

“ಏನಿದು?”

ರಿತ್ಸು ಮೊಣಕೈಯಿಂದ ತಿವಿದ. ಹೇಳಬೇಕಾದ ಮಾತು ಜೋಸಿಯ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಜ್ಜಿ ತಟ್ಟೆಯ ಸುತ್ತ ತಮ್ಮ ಕುದುರೆಯನ್ನು ಹುಡುಕುತ್ತಿದ್ದರು.

“ನಿಮ್ಮ ಕುದುರೆನ ನಾನು ತಿಂದೆ ಅಜ್ಜಿ,” ಎಂದಳು. “ಇದು ನಾವು ಮಾಡಿದ್ದು.”

ಅಜ್ಜಿ ನಗಲಿಲ್ಲ. ಪರವಾಗಿಲ್ಲ ಅನ್ನಲೂ ಇಲ್ಲ.

“ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ತೀಯಾ?” ಅವರ ದನಿ ಅಂಗಳವನ್ನೆಲ್ಲ ತುಂಬಿತು. “ದಿನಾ ನೂರು ಪ್ರಶ್ನೆ ಕೇಳ್ತೀಯಲ್ಲ, ಇದೊಂದು ಕೇಳೋಕೆ ಏನಾಗಿತ್ತು ಧಾಡಿ? ಒಂದು ವರ್ಷದಿಂದ ಕಾದಿದೀನಿ ಇವತ್ತಿಗೆ! ನೀನ್ಯಾಕೋ ಹಲ್ಲು ಬಿಡ್ತೀಯ, ರಿತ್ಸು? ಒಳ್ಳೇ ಊಟದ ಕಡ್ಡಿ ಮುರಿದೋನು ನೀನೇ ತಾನೇ?”

ಇಬ್ಬರೂ ತಲೆ ತಗ್ಗಿಸಿದರು.

“ಇದ್ರಲ್ಲಿ ಅಜ್ಜ ಬರಲ್ವಾ?” ಜೋಸಿ ಮೆಲ್ಲಗೆ ಕೇಳಿದಳು.

ಅಜ್ಜಿ ಬಗ್ಗಿ ಆ ದಪ್ಪ ಕುದುರೆಯನ್ನು ಎತ್ತಿ ತಿರುಗಿಸಿಟ್ಟರು. “ತಲೆ ಮನೆ ಕಡೆಗಿರ್ಬೇಕು. ನೀವಿಟ್ಟ ಹಾಗಿಟ್ರೆ ಪಕ್ಕದೂರಿಗೆ ಹೋಗ್ತಾರೆ ಅಷ್ಟೆ.” ವಾಲಿದ ಕಾಲನ್ನು ಒತ್ತಿ ಸರಿಪಡಿಸುತ್ತ, “ಬರ್ತಾರೆ. ತಡ ಆಗುತ್ತೆ. ಬದುಕಿದ್ದಾಗ ಊಟದ ಹೊತ್ತಿಗೆ ಎಂದಾದ್ರೂ ಬಂದಿದ್ರಾ ಆ ಮನುಷ್ಯ?” ಎಂದರು.

ಮುಸ್ಸಂಜೆಗೆ ಗೇಟಿನ ಮುಂದೆ ಮರದ ತೊಗಟೆ ರಾಶಿ ಹಾಕಿ ಬೆಂಕಿ ಹಚ್ಚಿದರು, ಅಜ್ಜನಿಗೆ ದಾರಿ ಕಾಣಲೆಂದು. ಗದ್ದೆಯ ಆಚೆಗಿನ ಮನೆಗಳ ಮುಂದೆಯೂ ಒಂದೊಂದೇ ಬೆಂಕಿ ಹೊತ್ತಿಕೊಂಡಿತು. ಗಾಳಿ ತಿರುಗಿ ಕಪ್ಪು ಹೊಗೆ ಜೋಸಿಯ ಮುಖಕ್ಕೇ ಬಂತು. ಅವಳು ಹಿಂದೆ ಸರಿದಳು.

“ಎಲ್ಲಿಗೆ ಓಡ್ತೀಯ?” ಅಜ್ಜಿ ಗದರಿದರು. “ಹೊಗೆ ಎಲ್ರಿಗೂ ಬರುತ್ತೆ. ನಿಂತ್ಕೊಂಡು ಅಜ್ಜನ್ನ ಕರಿ.”

ಇದು ಅಂಚೆಯವನಿಗೆ ಆಡುವ ದನಿಯಲ್ಲ. ಕಣ್ಣು ಉರಿಯುತ್ತಿದ್ದರೂ ಜೋಸಿ ಅಜ್ಜಿಯ ಪಕ್ಕಕ್ಕೆ ಬಂದು ನಿಂತಳು. ಕತ್ತಲಾಗುತ್ತಿದ್ದ ದಾರಿಯ ಕಡೆ ಮುಖ ಮಾಡಿ, ತನ್ನ ಮುದುಕಿ ಮಾತಿನಲ್ಲೇ ಗಟ್ಟಿಯಾಗಿ ಕೂಗಿದಳು. ರಿತ್ಸು ನಗಲಿಲ್ಲ.